ಕಮ್ಮಿ ಬಜೆಟ್‌ನಲ್ಲಿ ಹಳೇ ಸ್ಪೋರ್ಟ್ಸ್ ಕಾರು: ಏನು ನೋಡ್ಬೇಕು, ದುಡ್ಡು ಎಲ್ಲಿ ಹೋಗತ್ತೆ

ಒಂದಿನ ಫೋನ್ ನೋಡ್ತಾ ಕೂತಿರ್ತೀರಿ, ಕೆಂಪು ಬಣ್ಣದ ಎರಡು ಸೀಟಿನ ಹಳೇ ಕಾರಿನ ಫೋಟೋ ಬರತ್ತೆ. ತಂತಿ ಚಕ್ರ, ಉದ್ದ ಬಾನೆಟ್, ಮೇಲೆ ಟಾಪ್ ಇಲ್ಲ, ಕೆಳಗೆ ಬರ್ದಿರೋ ರೇಟ್ ನೋಡಿದ್ರೆ ಮಾಮೂಲಿ ಸೆಕೆಂಡ್ ಹ್ಯಾಂಡ್ ಫ್ಯಾಮಿಲಿ ಕಾರಿನಷ್ಟೇ ಇದೆ. ಅಲ್ಲಿವರೆಗೂ ಇದೆಲ್ಲ ಶ್ರೀಮಂತರ ಸಮಾಚಾರ ಅಂದ್ಕೊಂಡಿದ್ದವರಿಗೆ ತಟ್ಟನೆ ಅನ್ಸತ್ತೆ, ಅರೆ, ಇದು ನನ್ನ ಕೈಗೂ ಎಟಕೋ ಹಾಗಿದ್ಯಲ್ಲ ಅಂತ.

ಎಟಕತ್ತೆ, ಖಂಡಿತ. ಆದ್ರೆ ಆ ರೇಟು ಬರೀ ಮೊದಲನೇ ಕಂತು ಅಂತ ಗೊತ್ತಿಲ್ದೇ ಕೊಂಡವರು ಎಷ್ಟೋ ಜನ ಆರೇ ತಿಂಗಳಲ್ಲಿ ಅರ್ಧ ಬಿಚ್ಚಿದ ಕಾರನ್ನ ಅರ್ಧ ರೇಟಿಗೆ ಮಾರಿ ಕೈ ತೊಳ್ಕೊಳ್ತಾರೆ. ಆ ಪಾಡು ಯಾಕೆ ಬರತ್ತೆ, ಬರದೇ ಇರೋಕೆ ಕಾರಲ್ಲಿ ಏನನ್ನ ನೋಡ್ಬೇಕು ಅನ್ನೋದನ್ನ ಬುಡದಿಂದ ಶುರು ಮಾಡಿ ಹೇಳ್ತೀನಿ.

ವಿಂಟೇಜ್ ಅಂದ್ರೆ ಏನು, ಸ್ಪೋರ್ಟ್ಸ್ ಅಂದ್ರೆ ಏನು

ಮಾರೋರು ಈ ಪದಗಳನ್ನ ಮನಸ್ಸಿಗೆ ಬಂದ ಹಾಗೆ ಬಳಸ್ತಾರೆ, ಅದಕ್ಕೆ ಮೊದಲು ಇದನ್ನ ಬಗೆಹರಿಸ್ಕೊಳ್ಳೋಣ. ಬ್ರಿಟನ್‌ನ ಹಳೇ ಕಾರು ಕ್ಲಬ್‌ಗಳ ಕಟ್ಟುನಿಟ್ಟಿನ ಲೆಕ್ಕದಲ್ಲಿ ವಿಂಟೇಜ್ ಅಂದ್ರೆ 1919ರಿಂದ 1930ರ ಒಳಗೆ ತಯಾರಾದ ಕಾರು ಮಾತ್ರ. ಆದ್ರೆ ಜನ ಮಾತಾಡುವಾಗ ವಿಂಟೇಜ್ ಸ್ಪೋರ್ಟ್ಸ್ ಕಾರು ಅಂತ ಅನ್ನೋದು ಬಹುಪಾಲು 1960, 70, 80ರ ದಶಕದ ಕಾರುಗಳನ್ನ, ಅವಕ್ಕೆ ಸರಿಯಾದ ಹೆಸರು ಕ್ಲಾಸಿಕ್. ಜಗತ್ತಿನ ಹಳೇ ವಾಹನ ಸಂಘಗಳ ಒಕ್ಕೂಟ ಫೀವಾ ಅಂತ ಒಂದಿದೆ, 1966ರಲ್ಲಿ ಶುರುವಾಗಿದ್ದು, ಅದರ ಪ್ರಕಾರ ಕನಿಷ್ಠ 30 ವರ್ಷ ಆಗಿರೋ, ಮೂಲ ರೂಪ ಉಳಿಸ್ಕೊಂಡಿರೋ, ದಿನದ ಓಡಾಟಕ್ಕೆ ಬಳಸದೇ ಇರೋ ವಾಹನ ಐತಿಹಾಸಿಕ. ಆ ಲೆಕ್ಕ ಹಿಡಿದ್ರೆ 90ರ ದಶಕದ ಶುರುವಿನ ಕಾರುಗಳೂ ಈಗ ಈ ಸಾಲಿಗೆ ಬಂದ್ಬಿಟ್ಟಿವೆ, ಕಮ್ಮಿ ಬಜೆಟ್‌ನವರಿಗೆ ಇದು ಒಳ್ಳೇ ಸುದ್ದಿ, ಯಾಕೆ ಅಂತ ಮುಂದೆ ಬರತ್ತೆ.

ಸ್ಪೋರ್ಟ್ಸ್ ಅಂದ ತಕ್ಷಣ ಭಯಂಕರ ಪವರ್ ಇರತ್ತೆ ಅಂದ್ಕೊಳ್ಬೇಡಿ. ಎಂಜಿಬಿ ಅನ್ನೋ ಬ್ರಿಟಿಷ್ ಕಾರು 1962ರಿಂದ 1980ರವರೆಗೆ ಐದು ಲಕ್ಷಕ್ಕಿಂತ ಜಾಸ್ತಿ ತಯಾರಾಯ್ತು, ಶುರುವಿನ ಕಾರುಗಳ 1.8 ಲೀಟರ್ ಇಂಜಿನ್ ಕೊಡ್ತಿದ್ದದ್ದು 95 ಹಾರ್ಸ್‌ಪವರ್ ಆಸುಪಾಸು ಅಷ್ಟೇ, ಇವತ್ತಿನ ಸಾಧಾರಣ ಹ್ಯಾಚ್‌ಬ್ಯಾಕ್ ಕೂಡ ಅದನ್ನ ಹಿಂದೆ ಹಾಕತ್ತೆ. ಆದ್ರೆ ತೂಕ ಒಂದು ಟನ್ನಿಗಿಂತ ಕಮ್ಮಿ, ಕೂರೋದು ನೆಲಕ್ಕೆ ಅಂಟಿದ ಹಾಗೆ, ಸ್ಟೀರಿಂಗ್‌ಗೆ ಪವರ್ ಸಹಾಯ ಇಲ್ಲದೇ ಇರೋದ್ರಿಂದ ರೋಡಿನ ಒಂದೊಂದು ಕಲ್ಲೂ ಅಂಗೈಗೆ ಗೊತ್ತಾಗತ್ತೆ. ಅರವತ್ತರಲ್ಲಿ ಹೋಗ್ತಿದ್ರೂ ನೂರರಲ್ಲಿ ಹೋಗ್ತಿರೋ ಖುಷಿ. ಅದಕ್ಕೇ ಸಣ್ಣ ಇಂಜಿನ್ನಿನ ಅಗ್ಗದ ಕಾರು ಕೊಂಡವರಿಗೂ ಖುಷಿಯಲ್ಲಿ ಕಮ್ಮಿ ಆಗಲ್ಲ.

ಒಂದೇ ಕಾಲದ ಕಾರುಗಳಲ್ಲಿ ರೇಟಿಗೆ ಯಾಕೆ ಇಷ್ಟೊಂದು ವ್ಯತ್ಯಾಸ

ಜಾಗ್ವಾರ್ ಇ-ಟೈಪ್ 1961ರಲ್ಲಿ ಬಂತು, ಎಂಜಿಬಿ 1962ರಲ್ಲಿ. ಎರಡೂ ಬ್ರಿಟಿಷ್, ಎರಡೂ ಟಾಪ್ ತೆಗೆದು ಓಡಿಸ್ಬಹುದಾದ ಕಾರು, ಆದ್ರೂ ಇವತ್ತು ಒಂದು ಇ-ಟೈಪ್‌ನ ದುಡ್ಡಲ್ಲಿ ಎಂಜಿಬಿ ಹಲವಾರು ಕೊಳ್ಬಹುದು. ಹಳೇ ಕಾರಿಗೆ ವಯಸ್ಸು ನೋಡಿ ಯಾರೂ ರೇಟ್ ಕಟ್ಟಲ್ಲ, ಎಷ್ಟು ಜನಕ್ಕೆ ಅದು ಬೇಕು, ಎಷ್ಟು ಉಳಿದಿದೆ ಅಂತ ನೋಡಿ ಕಟ್ತಾರೆ. ಹುಡುಗರಾಗಿದ್ದಾಗ ಗೋಡೆ ಮೇಲೆ ಯಾವ ಕಾರಿನ ಪೋಸ್ಟರ್ ಅಂಟಿಸಿದ್ರೋ ಆ ಕಾರನ್ನ ಜನ ದೊಡ್ಡವರಾಗಿ ದುಡ್ಡು ಬಂದಾಗ ಹುಡುಕ್ತಾರೆ, ಡಾಟ್ಸನ್ 240ಝಡ್ ಒಂದು ಕಾಲಕ್ಕೆ ಬಡವರ ಸ್ಪೋರ್ಟ್ಸ್ ಕಾರು ಅನ್ನಿಸ್ಕೊಂಡಿದ್ದು ಈಗ ಕೈಗೆಟುಕದ ಹಾಗೆ ಆಗಿರೋದೂ ಹೀಗೇನೇ.

ಜಾಸ್ತಿ ತಯಾರಾದ ಕಾರು ಅಗ್ಗ, ಇದು ಎಲ್ಲರಿಗೂ ಗೊತ್ತು. ಆದ್ರೆ ಅದರ ದೊಡ್ಡ ಲಾಭ ಕೊಳ್ಳೋ ದಿನ ಕಾಣಲ್ಲ, ರಿಪೇರಿ ದಿನ ಕಾಣತ್ತೆ. ಲಕ್ಷಗಟ್ಟಲೆ ಮಾರಾಟ ಆದ ಕಾರಿಗೆ ಇವತ್ತಿಗೂ ಹೊಸ ಸ್ಪೇರ್ ಪಾರ್ಟ್ ಮಾಡೋರು ಇರ್ತಾರೆ, ಎಂಜಿಬಿಗಂತೂ 1988ರಿಂದ ಪೂರ್ತಿ ಹೊಸ ಬಾಡಿಯನ್ನೇ ಮಾಡಿ ಮಾರ್ತಿದ್ದಾರೆ. ಬರೀ ಕೆಲವು ನೂರು ತಯಾರಾದ ಕಾರಿಗೆ ಒಂದು ಟೈಲ್‌ಲೈಟಿನ ಗಾಜು ಒಡೆದ್ರೆ ಅದನ್ನ ಹುಡುಕೋದೇ ಒಂದು ತಪಸ್ಸು.

ಒಂದೇ ಕಾರಿನಲ್ಲೂ ಜನರಿಗೆ ಬೇಡದ ಮಾಡೆಲ್ ಅಂತ ಇರತ್ತೆ. 1974ರಲ್ಲಿ ಅಮೆರಿಕದ ಸೇಫ್ಟಿ ನಿಯಮಕ್ಕೋಸ್ಕರ ಎಂಜಿಬಿಗೆ ಹೊಳೆಯೋ ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ಬಂಪರ್ ಹಾಕಿದ್ರು, ಕಾರನ್ನ ಸ್ವಲ್ಪ ಎತ್ತರನೂ ಮಾಡಿದ್ರು. ನೋಡೋಕೆ ಅಷ್ಟು ಚೆನ್ನಾಗಿಲ್ಲ ಅಂತ ಇವತ್ತಿಗೂ ಅದರ ರೇಟು ಕಮ್ಮಿ. ಹಾಗೇ ಟಾಪ್ ತೆಗೆಯೋಕಾಗದ, ಮೇಲೆ ತಗಡಿನ ಚಾವಣಿ ಇರೋ ಜಿಟಿ ಮಾಡೆಲ್ ಕೂಡ ಓಪನ್ ಕಾರಿಗಿಂತ ಅಗ್ಗಕ್ಕೇ ಸಿಗೋದು. ಒಳಗಿನ ಯಂತ್ರ ಹೆಚ್ಚು ಕಮ್ಮಿ ಅದೇ. ನನ್ನ ಪ್ರಕಾರ ಬಜೆಟ್ ಇಲ್ಲದವರು ಹುಡುಕೋಕೆ ಶುರು ಮಾಡ್ಬೇಕಾದ ಜಾಗ ಇದು, ಬೇರೆಯವರಿಗೆ ಬೇಡವಾದ ಬಂಪರು, ಬೇಡವಾದ ಬಣ್ಣ.

ಕೊಳ್ಳೋದು ಬಾಡಿಯನ್ನ, ಇಂಜಿನ್ನನ್ನಲ್ಲ

ಹೊಸಬರು ಹಳೇ ಕಾರು ನೋಡೋಕೆ ಹೋದ್ರೆ ಮೊದಲು ಇಂಜಿನ್ ಸ್ಟಾರ್ಟ್ ಮಾಡಿಸ್ತಾರೆ. ಅನುಭವ ಇರೋರು ಮೊದಲು ನೆಲದ ಮೇಲೆ ಮಲಗ್ತಾರೆ.

ಯಾಕಂದ್ರೆ ಆ ಕಾಲದ ಇಂಜಿನ್ ಸರಳ. ಹಾಳಾದ್ರೆ ಬಿಚ್ಚಬಹುದು, ಪಾರ್ಟ್ ಸಿಗತ್ತೆ, ಒಳ್ಳೇ ಮೆಕ್ಯಾನಿಕ್ ಒಬ್ರು ಇದ್ರೆ ಇಷ್ಟು ದಿನ, ಇಷ್ಟು ಖರ್ಚು ಅಂತ ಮೊದಲೇ ಹೇಳ್ಬಹುದು. ಬಾಡಿಗೆ ತುಕ್ಕು ಹಿಡಿದ್ರೆ ಆ ಲೆಕ್ಕ ಯಾರಿಂದಲೂ ಹೇಳೋಕಾಗಲ್ಲ. ಒಂದು ತಗಡು ಕತ್ತರಿಸಿದ್ರೆ ಹಿಂದೆ ಇನ್ನೊಂದು ಕೊಳೆತ ತಗಡು ಕಾಣತ್ತೆ, ಅದರ ಹಿಂದೆ ಮತ್ತೊಂದು. ಕತ್ತರಿಸಿ, ವೆಲ್ಡ್ ಮಾಡಿ, ಉಜ್ಜಿ, ಪೇಂಟ್ ಹೊಡೆಯೋದು ಎಲ್ಲಾ ಕೈ ಕೆಲಸ, ಗಂಟೆ ಲೆಕ್ಕದಲ್ಲಿ ದುಡ್ಡು ಹೋಗತ್ತೆ, ಪೂರ್ತಿ ಬಿಚ್ಚಿ ಮತ್ತೆ ಕಟ್ಟೋ ಕೆಲಸ ಸಾವಿರ ಗಂಟೆ ದಾಟೋದು ಅಪರೂಪವೇನಲ್ಲ.

ಇನ್ನೊಂದು ಕಾರಣ ಅದಕ್ಕಿಂತ ಮುಖ್ಯ. ಶೂ ಬರೋ ರಟ್ಟಿನ ಡಬ್ಬ ತಗೊಳ್ಳಿ, ಮುಚ್ಚಳ ಹಾಕಿ ಎರಡೂ ತುದಿ ಹಿಡಿದು ತಿರುಚಿ ನೋಡಿ, ಗಟ್ಟಿಯಾಗಿರತ್ತೆ. ಮುಚ್ಚಳ ತೆಗೆದು ತಿರುಚಿ, ಬಳುಕತ್ತೆ. ಹಳೇ ಕಾಲದ ಲಾರಿ ಥರ ಕೆಳಗೆ ಪ್ರತ್ಯೇಕ ಚಾಸಿ ಇಲ್ಲದೇ ಬಾಡಿಯೇ ಇಡೀ ಭಾರ ಹೊರೋ ವಿಧಾನಕ್ಕೆ ಮಾನೊಕಾಕ್ ಅಂತಾರೆ, ಎಂಜಿಬಿ ಅಂಥದ್ದು. ಟಾಪ್ ಇಲ್ಲದ ಮಾನೊಕಾಕ್ ಕಾರು ಅಂದ್ರೆ ಮುಚ್ಚಳ ತೆಗೆದ ಡಬ್ಬವೇ. ಅದು ಬಳುಕದ ಹಾಗೆ ಹಿಡಿದಿಟ್ಕೊಂಡಿರೋದು ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗೋ ಉದ್ದನೆ ಪೆಟ್ಟಿಗೆ ಆಕಾರದ ತಗಡು, ಅದಕ್ಕೆ ಸಿಲ್ ಅಂತಾರೆ, ಮನೆ ಹೊಸ್ತಿಲು ಇದ್ದ ಹಾಗೆ. ಹೊರಗಿಂದ ಒಂದೇ ತಗಡು ಕಂಡ್ರೂ ಒಳಗೆ ಪದರ ಪದರ ಇರತ್ತೆ. ನೀರು, ಮಣ್ಣು ಹೋಗಿ ಕೂರೋದೂ ಅಲ್ಲೇ. ಅಂದ್ರೆ ಕಾರಿನ ಅತಿ ಮುಖ್ಯವಾದ ಮೂಳೆ ಯಾವುದೋ ಅದೇ ಮೊದಲು ಕೊಳೆಯೋದು.

ಪ್ರತ್ಯೇಕ ಚಾಸಿ ಇರೋ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಬ್ರಿಟಿಷ್ ಕಾರಾದ್ರೆ ಈ ಚಿಂತೆ ಇಲ್ಲ ಅಂದ್ಕೊಳ್ಳೋರೂ ಇದ್ದಾರೆ, ಅದರಲ್ಲೂ ಸಿಲ್ ಭಾರ ಹೊರತ್ತೆ, ಹಾಗಾಗಿ ಅಲ್ಲೂ ನೋಡ್ಲೇಬೇಕು. ಲೋಟಸ್ ಎಲಾನ್ ಥರ ಫೈಬರ್‌ಗ್ಲಾಸ್ ಬಾಡಿ ಕಾರು ಮೇಲ್ನೋಟಕ್ಕೆ ತುಕ್ಕೇ ಹಿಡಿಯಲ್ಲ, ಆದ್ರೆ ಒಳಗಿರೋ ಉಕ್ಕಿನ ಚಾಸಿ ಹಿಡಿಯತ್ತೆ.

ಮ್ಯಾಗ್ನೆಟ್, ಜ್ಯಾಕ್, ಟಾರ್ಚ್

ಮೇಲೆ ಥಳಕು ಒಳಗೆ ಹುಳುಕು ಅಂತೀವಲ್ಲ, ಈ ಲೋಕದಲ್ಲಿ ಅದು ಅಕ್ಷರಶಃ ನಿಜ. ತೂತು ಬಿದ್ದ ತಗಡಿಗೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಹೊಳೆಯೋ ಪೇಂಟ್ ಹೊಡೆದ್ರೆ ಫೋಟೋದಲ್ಲಿ ದೇವರಿಗೂ ಗೊತ್ತಾಗಲ್ಲ. ಕಂಡುಹಿಡಿಯೋಕೆ ಸಣ್ಣ ಮ್ಯಾಗ್ನೆಟ್ ಒಂದು ಸಾಕು, ಪೇಂಟ್ ಗೀಚದ ಹಾಗೆ ತೆಳ್ಳನೆ ಬಟ್ಟೇಲಿ ಸುತ್ತಿ ಇಟ್ಕೊಳ್ಳಿ.

ಗೆಳೆಯನ ಜೊತೆ ಒಂದು ಎಂಜಿಬಿ ನೋಡೋಕೆ ಹೋಗಿದ್ದೆ, ಹೊಸ ಪೇಂಟು, ಮುಖ ನೋಡ್ಕೊಳ್ಬಹುದು ಅಷ್ಟು ಹೊಳಪು. ಬಾನೆಟ್ ಮೇಲೆ ಇಟ್ಟಾಗ ಮ್ಯಾಗ್ನೆಟ್ ಟಪ್ ಅಂತ ಹಿಡ್ಕೊಳ್ತು, ಬಾಗಿಲ ಮೇಲೂ ಹಿಡ್ಕೊಳ್ತು, ಕೆಳಗೆ ಸಿಲ್ ಮೇಲೆ ಮೆಲ್ಲಗೆ ಜಾರಿಸ್ತಾ ಹಿಂದಿನ ಚಕ್ರದ ಹತ್ರ ಬಂದಾಗ ಕೈ ಬಿಟ್ರೆ ಸುಮ್ನೆ ಕಳಚಿ ನೆಲಕ್ಕೆ ಬಿತ್ತು. ಅಲ್ಲಿ ಒಂದು ಗೇಣು ಉದ್ದಕ್ಕೆ ತಗಡೇ ಇರ್ಲಿಲ್ಲ. ಆಮೇಲೆ ಒಪ್ಪಿಗೆ ಕೇಳಿ ಕಾರನ್ನ ಆ ಪಕ್ಕ ಜ್ಯಾಕ್ ಹಾಕಿ ಎತ್ತಿದ್ವಿ, ಎತ್ತೋಕೆ ಮುಂಚೆ ಬಾಗಿಲಿನ ಸುತ್ತ ಇದ್ದ ಸಂದಿಗೆ ಬೆರಳು ಇಟ್ಟು ಅಳತೆ ನೋಡಿದ್ದೆ, ಎತ್ತಿದ ಮೇಲೆ ಮೇಲ್ಗಡೆ ಸಂದಿ ಮುಚ್ಕೊಂಡಿತ್ತು, ಬಾಗಿಲು ತೆಗೆಯೋಕೆ ಹೋದ್ರೆ ಬಿಗಿಯಾಗಿ ಕಚ್ಕೊಂಡಿತ್ತು. ಗಟ್ಟಿ ಇರೋ ಕಾರಲ್ಲಿ ಹೀಗಾಗಲ್ಲ, ಜ್ಯಾಕ್ ಮೇಲೆ ಇದ್ರೂ ಬಾಗಿಲು ಆರಾಮಾಗಿ ತೆಗೆದು ಹಾಕ್ಬಹುದು. ಸಂದಿ ಬದಲಾಯ್ತು ಅಂದ್ರೆ ಕಾರು ನಡು ಮುರಿದ ಹಾಗೆ ಬಾಗ್ತಿದೆ ಅಂತ ಅರ್ಥ. ಹೀಗೆ ಜ್ಯಾಕ್ ಮೇಲಿರೋ ಕಾರಿನ ಕೆಳಗೆ ಮಾತ್ರ ತಲೆ, ಕೈ ಹಾಕ್ಬೇಡಿ, ಕೆಳಗೆ ನೋಡೋದಿದ್ರೆ ಗಟ್ಟಿ ಸ್ಟ್ಯಾಂಡ್ ಇಟ್ಟೇ ನೋಡಿ.

ಪೇಂಟಿನಲ್ಲಿ ಸಣ್ಣ ಗುಳ್ಳೆ ಕಂಡ್ರೆ ಅದನ್ನ ಮೇಲಿನ ಗಾಯ ಅಂದ್ಕೊಳ್ಬೇಡಿ. ಉಕ್ಕು ತುಕ್ಕಾದಾಗ ಊದ್ಕೊಳ್ಳತ್ತೆ, ಮೊದಲಿದ್ದ ಉಕ್ಕಿಗಿಂತ ಹಲವು ಪಟ್ಟು ಜಾಗ ತಗೊಳ್ಳತ್ತೆ, ಆ ಒತ್ತಡಕ್ಕೆ ಪೇಂಟ್ ಏಳತ್ತೆ. ಎಷ್ಟೋ ಸಲ ಅದು ಒಳಗಿಂದ ಶುರುವಾಗಿ ಹೊರಗೆ ಬರೋ ಹೊತ್ತಿಗೆ ಹಿಂದೆ ಎಲ್ಲಾ ಮುಗಿದಿರತ್ತೆ. ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ, ಒದ್ದೆ ಇದ್ರೆ ಯೋಚಿಸಿ. ಸ್ಪೇರ್ ಚಕ್ರ ಎತ್ತಿ ಕೆಳಗೆ ಟಾರ್ಚ್ ಹಾಕಿ ನೋಡಿ, ಬ್ಯಾಟರಿ ಕೂರೋ ತಟ್ಟೆ ನೋಡಿ, ಪೋರ್ಷೆ 914ರಲ್ಲಿ ಬ್ಯಾಟರಿ ಕೆಳಗಿನ ಜಾಗ ಕೊಳೆಯೋದು ಎಷ್ಟು ಮಾಮೂಲಿ ಅಂದ್ರೆ ಆ ಕಾರು ಇಟ್ಟವರು ಅದನ್ನ ನರಕದ ತೂತು ಅಂತಾನೇ ಕರೀತಾರೆ. ಕೆಳಗೆಲ್ಲ ಹೊಸದಾಗಿ ಕಪ್ಪು ಅಂಡರ್‌ಕೋಟ್ ಪೇಂಟ್ ಬಳಿದಿದ್ರೆ ಯಾಕೆ ಬಳಿದ್ರಿ ಅಂತ ಕೇಳಿ, ಕೊಳೆತ ಜಾಗ ಮುಚ್ಚೋಕೂ ಇರ್ಬಹುದು.

ಮಳೆ ಬರುವಾಗ, ಅಥವಾ ಕಾರು ಒದ್ದೆ ಇರುವಾಗ ಮಾತ್ರ ನೋಡಿ ನಿರ್ಧಾರ ಮಾಡ್ಬೇಡಿ. ನೀರು ಇದ್ದಾಗ ಎಲ್ಲಾ ಪೇಂಟೂ ಚೆನ್ನಾಗೇ ಕಾಣತ್ತೆ.

ಇಂಜಿನ್ ತಣ್ಣಗಿರುವಾಗಲೇ ನೋಡಿ

ಮೊದಲೇ ಫೋನ್ ಮಾಡಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಮೊದಲೇ ಬಿಸಿ ಮಾಡಿ ಇಟ್ಟಿದ್ದಾರೆ, ತಣ್ಣಗಿದ್ದಾಗ ಹತ್ತದ ಇಂಜಿನ್ ಆಗಿರ್ಬಹುದು.

ಸ್ಟಾರ್ಟ್ ಆದ ಕೂಡ್ಲೇ ಆಯಿಲ್ ಪ್ರೆಶರ್ ಮುಳ್ಳು ನೋಡಿ, ಆಮೇಲೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್ನೊಂದ್ಸಲ ನೋಡಿ, ಬಿಸಿಯಾದಾಗ ತೀರಾ ಕೆಳಗೆ ಬಿದ್ರೆ ಒಳಗೆ ಬೇರಿಂಗ್ ಸವೆದಿರತ್ತೆ. ಹೊಗೆ ನೀಲಿ ಇದ್ರೆ ಆಯಿಲ್ ಸುಡ್ತಿದೆ, ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಕೂಲಂಟ್ ನೀರು ಒಳಗೆ ಹೋಗ್ತಿರ್ಬಹುದು. ಸ್ಪಿಟ್‌ಫೈರ್ ಆದ್ರೆ ಇನ್ನೊಂದು ಪರೀಕ್ಷೆ ಇದೆ, ಇಂಜಿನ್ ಆಫ್ ಮಾಡಿ ಒಬ್ರು ಕ್ಲಚ್ ಒತ್ತಿ ಬಿಡ್ತಾ ಇರ್ಬೇಕು, ಇನ್ನೊಬ್ರು ಇಂಜಿನ್ ಮುಂದಿರೋ ಕ್ರ್ಯಾಂಕ್ ಪುಲ್ಲಿ ಅನ್ನೋ ಗಾಲಿ ಹಿಂದೆ ಮುಂದೆ ಸರಿಯತ್ತಾ ಅಂತ ನೋಡ್ಬೇಕು. ಕಣ್ಣಿಗೆ ಕಾಣೋ ಅಷ್ಟು ಸರಿದ್ರೆ ಥ್ರಸ್ಟ್ ವಾಷರ್ ಅನ್ನೋ ಪುಟ್ಟ ಬಿಲ್ಲೆ ಸವೆದಿದೆ, ಅದು ಕಳಚಿ ಬಿದ್ರೆ ಇಡೀ ಇಂಜಿನ್ ಬ್ಲಾಕೇ ಹಾಳಾಗ್ಬಹುದು.

ಕೈಯಲ್ಲಿ ಆದ್ರೆ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಸೈಕಲ್ ಪಂಪಿನ ತುದಿಗೆ ಹೆಬ್ಬೆರಳು ಅದುಮಿ ಹೊಡೆದ್ರೆ ಒತ್ತಡ ಗೊತ್ತಾಗತ್ತಲ್ಲ, ಹಾಗೇ ಒಂದೊಂದು ಸಿಲಿಂಡರ್ ಎಷ್ಟು ಗಾಳಿ ಒತ್ತತ್ತೆ ಅಂತ ಮೀಟರ್‌ನಲ್ಲಿ ನೋಡೋದು. ಎಲ್ಲಾ ಸಿಲಿಂಡರ್‌ಗಳ ಅಂಕಿ ಹತ್ತಿರ ಹತ್ತಿರ ಇದ್ರೆ ನೆಮ್ಮದಿ, ಒಂದು ಮಾತ್ರ ತುಂಬಾ ಕೆಳಗಿದ್ರೆ ಆ ಸಿಲಿಂಡರ್‌ನಲ್ಲಿ ಏನೋ ಇದೆ.

ತಂತಿ ಚಕ್ರ ಇದ್ರೆ ಕಡ್ಡಿಗಳನ್ನ ಪೆನ್ನಿಂದ ತಟ್ಟಿ ನೋಡಿ, ಎಲ್ಲಾ ಒಂದೇ ಥರ ಟಿಂಗ್ ಅನ್ಬೇಕು, ಮಂಕು ಸದ್ದು ಬಂದ್ರೆ ಆ ಕಡ್ಡಿ ಸಡಿಲ.

ಪೆಟ್ರೋಲಿನ ವಿಷಯನೂ ಗೊತ್ತಿರ್ಲಿ. ಈ ಇಂಜಿನ್‌ಗಳನ್ನ ಮಾಡಿದ ಕಾಲದಲ್ಲಿ ಪೆಟ್ರೋಲಲ್ಲಿ ಸೀಸ ಇರ್ತಿತ್ತು, ಅದು ವಾಲ್ವ್ ಕೂರೋ ಜಾಗ ಸವೆಯದ ಹಾಗೆ ಕಾಪಾಡ್ತಿತ್ತು. ಈಗ ಸೀಸ ಇಲ್ಲ, ಬದಲಿಗೆ ಎಥನಾಲ್ ಬೆರೆಸ್ತಾರೆ, ಅದು ಹಳೇ ರಬ್ಬರ್ ಪೈಪುಗಳನ್ನ ಮೆತ್ತಗೆ ಮಾಡಿ ಸೋರೋ ಹಾಗೆ ಮಾಡತ್ತೆ. ಗಟ್ಟಿ ವಾಲ್ವ್ ಸೀಟ್ ಹಾಕ್ಸಿದ್ದಾರಾ, ಪೆಟ್ರೋಲ್ ಪೈಪ್ ಬದಲಾಯಿಸಿದ್ದಾರಾ ಅಂತ ಮಾರೋರನ್ನ ಕೇಳಿ, ಬಿಲ್ ಇದ್ರೆ ನೋಡಿ.

ಹಾಗಾದ್ರೆ ಯಾವ ಕಾರು

ಒಂದೇ ದುಡ್ಡಲ್ಲಿ ಕನಸಿನ ಕಾರಿನ ಅತಿ ಕೆಟ್ಟ ಪೀಸೂ ಸಿಗತ್ತೆ, ಸಾಧಾರಣ ಕಾರಿನ ಅತಿ ಒಳ್ಳೇ ಪೀಸೂ ಸಿಗತ್ತೆ. ಎರಡನೇದನ್ನೇ ತಗೊಳ್ಳಿ ಅಂತ ನಾನು ಪ್ರತಿ ಸಲ ಹೇಳ್ತೀನಿ, ಯಾಕಂದ್ರೆ ಅದನ್ನ ಮುಂದಿನ ಭಾನುವಾರವೇ ಓಡಿಸ್ಬಹುದು.

60, 70ರ ದಶಕದ ರುಚಿ ಬೇಕು, ಕೈ ಮಸಿ ಆದ್ರೂ ಪರವಾಗಿಲ್ಲ ಅನ್ನೋರಿಗೆ ಎಂಜಿಬಿ, ಎಂಜಿ ಮಿಜೆಟ್, ಸ್ಪಿಟ್‌ಫೈರ್. ಸ್ಪಿಟ್‌ಫೈರ್‌ನ ಬಾನೆಟ್ ಜೊತೆ ಮುಂದಿನ ಮಡ್‌ಗಾರ್ಡ್‌ಗಳೂ ಸೇರಿ ಇಡೀ ಮುಂಭಾಗ ಮುಂದಕ್ಕೆ ಮಗುಚ್ಕೊಳ್ಳತ್ತೆ, ಚಕ್ರದ ಮೇಲೇ ಕೂತು ಆರಾಮಾಗಿ ಇಂಜಿನ್ ಕೆಲಸ ಮಾಡ್ಬಹುದು, ಕಲಿಯೋರಿಗೆ ಇದಕ್ಕಿಂತ ಒಳ್ಳೇ ಶಾಲೆ ಇಲ್ಲ. ಆದ್ರೆ ಇದರ ಶುರುವಿನ ಕಾರುಗಳ ಹಿಂದಿನ ಸಸ್ಪೆನ್ಶನ್‌ನಲ್ಲಿ ಒಂದು ದೋಷ ಇತ್ತು, ತಿರುವಲ್ಲಿ ಜೋರಾಗಿ ಹೋಗಿ ತಟ್ಟನೆ ಆಕ್ಸಿಲರೇಟರ್ ಬಿಟ್ರೆ ಚಕ್ರ ಒಳಗೆ ಮಡಚ್ಕೊಳ್ಳೋ ಅಪಾಯ ಇರೋದು, 1970ರ ಮಾರ್ಕ್ 4ರಲ್ಲಿ ಇದನ್ನ ಬಹಳ ಮಟ್ಟಿಗೆ ಸರಿ ಮಾಡಿದ್ರು.

ಇಟಾಲಿಯನ್ ಬೇಕು ಅನ್ನೋರಿಗೆ ಆಲ್ಫಾ ರೋಮಿಯೋ ಸ್ಪೈಡರ್, 1966ರಲ್ಲಿ ಶುರುವಾಗಿ 90ರ ದಶಕದವರೆಗೂ ಬಂತು. ಇಂಜಿನ್ ಸದ್ದಿಗೇ ಮನಸ್ಸು ಸೋಲತ್ತೆ. ಎರಡನೇ ಗೇರ್ ಹಾಕುವಾಗ ಕರಕರ ಅಂದ್ರೆ ಗೇರ್ ಸಲೀಸಾಗಿ ಬೀಳೋ ಹಾಗೆ ಮಾಡೋ ಸಿಂಕ್ರೋ ಅನ್ನೋ ಪಾರ್ಟ್ ಸವೆದಿದೆ, ಈ ಕಾರಿಗೆ ಅದು ಹುಟ್ಟುಗುಣ. ಎಂಟು ಪುಟದ ಬಿಲ್ ಬರೋದು ಅದಕ್ಕಲ್ಲ, ತುಕ್ಕಿಗೆ.

ಪೋರ್ಷೆ 944 ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅಗ್ಗಕ್ಕೆ ಸಿಕ್ಕ 944 ನೋಡಿ ಮೋಸ ಹೋಗೋರು ಜಾಸ್ತಿ. 1982ರಿಂದ 1991ರವರೆಗೆ ಬಂದ ಇದು ಅದ್ಭುತ ಕಾರು, ಮುಂದೆ ಇಂಜಿನ್, ಹಿಂದೆ ಗೇರ್‌ಬಾಕ್ಸ್, ತೂಕ ಎರಡೂ ಕಡೆ ಸಮವಾಗಿ ಹಂಚ್ಕೊಂಡಿರೋದ್ರಿಂದ ತಿರುವಲ್ಲಿ ಹಳಿ ಮೇಲೆ ಹೋದ ಹಾಗೆ ಹೋಗತ್ತೆ. ಆದ್ರೆ ವಾಲ್ವ್, ಪಿಸ್ಟನ್ ಒಂದೇ ತಾಳದಲ್ಲಿ ಓಡೋ ಹಾಗೆ ಮಾಡೋ ಇದರ ಟೈಮಿಂಗ್ ಬೆಲ್ಟ್ ಕಟ್ಟಾದ್ರೆ ವಾಲ್ವ್‌ಗಳು ಹೋಗಿ ಪಿಸ್ಟನ್‌ಗೆ ಬಡಿದು ಬಗ್ಗತ್ತೆ, ಕ್ಲಚ್ ಬದಲಾಯಿಸ್ಬೇಕಾದ್ರೆ ಹಿಂದಿನ ಗೇರ್‌ಬಾಕ್ಸಿಂದ ಹಿಡಿದು ಮಧ್ಯದ ಉದ್ದನೆ ಟ್ಯೂಬ್‌ವರೆಗೂ ಇಳಿಸ್ಬೇಕು. ಕೊಳ್ಳುವಾಗ ಎಂಜಿಬಿ ರೇಟು, ಮೆಂಟೇನ್ ಮಾಡುವಾಗ ಪೋರ್ಷೆ ರೇಟು. ಬೆಲ್ಟ್ ಯಾವಾಗ ಹಾಕಿದ್ರು ಅನ್ನೋ ಬಿಲ್ ತೋರಿಸದ 944 ಬೇಡವೇ ಬೇಡ.

ಈಗ ಆ ಒಳ್ಳೇ ಸುದ್ದಿ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮಾಜ್ದಾ ಎಂಎಕ್ಸ್-5 ಅಂತ ಒಂದು ಕಾರು ತೋರಿಸಿದ್ರು, ಕೆಲವು ಕಡೆ ಮಿಯಾಟಾ ಅಂತಾರೆ. ಹಳೇ ಬ್ರಿಟಿಷ್ ರೋಡ್‌ಸ್ಟರ್‌ಗಳ, ಅಂದ್ರೆ ಟಾಪ್ ತೆಗೆಯೋ ಎರಡು ಸೀಟಿನ ಕಾರುಗಳ ಖುಷಿ ಬೇಕು, ಆದ್ರೆ ಬೆಳಗ್ಗೆ ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗ್ಬೇಕು ಅನ್ನೋದೇ ಅದರ ಹಿಂದಿದ್ದ ಯೋಚನೆ. 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ಮೊದಲನೇ ತಲೆಮಾರಿನ ಶುರುವಿನ ಕಾರುಗಳು ಈಗ 30 ದಾಟಿ ಕ್ಲಾಸಿಕ್ ಆಗಿವೆ, ಪಾರ್ಟ್ ಧಾರಾಳವಾಗಿವೆ, ಮೊದಲ ಸಲ ಕೊಳ್ಳೋರಿಗೆ ನಾನು ಹೇಳೋದು ಇದನ್ನೇ. ಇದಕ್ಕೂ ತುಕ್ಕಿನ ಕಾಟ ಇದೆ, ಟಾಪ್‌ನ ನೀರು ಇಳಿಯೋ ಸಣ್ಣ ಕೊಳವೆ ಕಸ ಕಟ್ಟಿದ್ರೆ ನೀರು ಹೋಗಿ ಸಿಲ್ ಒಳಗೆ ನಿಲ್ಲತ್ತೆ, ಹಾಗಾಗಿ ಹಿಂದಿನ ಚಕ್ರದ ಮುಂದೆ ಮ್ಯಾಗ್ನೆಟ್ ಇಲ್ಲೂ ಬೇಕು.

ಕೈಲಿರೋ ದುಡ್ಡನ್ನ ಹಂಚೋದು ಹೇಗೆ

ಆನೆ ಕೊಂಡವನ ಹತ್ರ ಅಂಕುಶಕ್ಕೆ ದುಡ್ಡಿಲ್ಲ ಅನ್ನೋ ಹಾಗೆ ಆಗ್ಬಾರ್ದು. ನಿಮ್ಮ ಹತ್ರ ಇರೋದನ್ನ ನೂರು ಪಾಲು ಅಂದ್ಕೊಳ್ಳಿ, ಕಾರಿಗೆ 70 ಪಾಲು, ಮೊದಲ ವರ್ಷಕ್ಕೆ ಅಂತ 30 ಪಾಲು ಮುಟ್ಟದೇ ಇಟ್ಕೊಳ್ಳಿ. ಎಷ್ಟೇ ಚೆನ್ನಾಗಿರೋ ಕಾರು ತಂದ್ರೂ ಟೈರು, ಬ್ರೇಕು, ರಬ್ಬರು, ಬ್ಯಾಟರಿ ಅಂತ ಒಂದು ಸುತ್ತು ಖರ್ಚು ಇದ್ದೇ ಇರತ್ತೆ. ಟೈರಿನ ಗೀರು ಇನ್ನೂ ಆಳ ಇದೆ ಅಂತ ನಂಬ್ಬೇಡಿ, ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ, 3214 ಅಂತ ಇದ್ರೆ 2014ರ 32ನೇ ವಾರದಲ್ಲಿ ಮಾಡಿದ್ದು ಅಂತ. ನಿಂತಲ್ಲೇ ನಿಂತ ಕಾರಿನ ಟೈರ್ ಸವೆಯಲ್ಲ, ಒಣಗತ್ತೆ.

ಅರ್ಧ ರಿಪೇರಿ ಆಗಿ ನಿಂತಿರೋ ಪ್ರಾಜೆಕ್ಟ್ ಕಾರು ಅಗ್ಗಕ್ಕೆ ಕಂಡಾಗ ಮನಸ್ಸು ಎಳೆಯತ್ತೆ. ವೆಲ್ಡಿಂಗ್ ನಿಮಗೇ ಬರತ್ತೆ, ಜಾಗ ಇದೆ, ಟೈಮ್ ಇದೆ ಅಂದ್ರೆ ಸರಿ. ಬೇರೆಯವರ ಕೈಲಿ ಮಾಡಿಸ್ಬೇಕು ಅಂದ್ರೆ ರೆಡಿ ಇರೋ ಕಾರೇ ಕೊನೆಗೆ ಅಗ್ಗ ಆಗತ್ತೆ, ಯಾಕಂದ್ರೆ ಅದರ ಮೇಲೆ ಆ ಸಾವಿರ ಗಂಟೆ ಖರ್ಚನ್ನ ಹಿಂದಿನ ಮಾಲೀಕರು ಹಾಕಾಗಿದೆ, ಮಾರುವಾಗ ಅಷ್ಟೂ ಅವರಿಗೆ ವಾಪಸ್ ಸಿಗೋದು ಅಪರೂಪ.

ಕಾಗದ ಪತ್ರ

ಚಾಸಿ ನಂಬರ್ ಕಾರಿನ ಮೇಲೂ ಪೇಪರ್ ಮೇಲೂ ಒಂದೇ ಇರ್ಬೇಕು, ಇಲ್ಲಾಂದ್ರೆ ಅಲ್ಲಿಗೇ ಮಾತು ಮುಗಿಸಿ. ಹೊಗೆ ತಪಾಸಣೆ, ನೋಂದಣಿ, ಆಮದು ಇವೆಲ್ಲ ಊರಿಗೊಂದು ಕಾನೂನು, ಕಾರು ನೋಡೋಕೆ ಮುಂಚೆ ನಿಮ್ಮ ಕಡೆಯದು ತಿಳ್ಕೊಳ್ಳಿ. ಮ್ಯಾಚಿಂಗ್ ನಂಬರ್ಸ್ ಅಂದ್ರೆ ಫ್ಯಾಕ್ಟರಿಯಿಂದ ಬಂದ ಇಂಜಿನ್ನೇ ಈಗಲೂ ಇದೆ ಅಂತ, ಕಮ್ಮಿ ಬಜೆಟ್‌ನವರು ಇದಕ್ಕೆ ಜಾಸ್ತಿ ದುಡ್ಡು ಕೊಡ್ಬೇಕಾಗಿಲ್ಲ. ಆದ್ರೆ ಹಳೇ ಬಿಲ್‌ಗಳ ದಪ್ಪ ಫೈಲು, ಪೇಂಟ್ ಮಾಡೋ ಮುಂಚೆ ಬರೀ ತಗಡು ಕಾಣೋ ಹಾಗೆ ತೆಗೆದ ಫೋಟೋಗಳು ಇದ್ರೆ ಅದಕ್ಕೆ ಕೊಡಿ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಬೆಲೆ ಇಷ್ಟು ಅಂತ ಮೊದಲೇ ಎರಡೂ ಕಡೆ ಒಪ್ಕೊಂಡು ಬರೆಸೋ ಪಾಲಿಸಿ ಸಿಗತ್ತಾ ವಿಚಾರಿಸಿ, ಇಲ್ಲಾಂದ್ರೆ ಹಳೇ ಕಾರು ಅಂತ ಗುಜರಿ ಬೆಲೆ ಕಟ್ಟೋ ಸಾಧ್ಯತೆ ಇದೆ.

ಮನೆಗೆ ತಂದ ಮೇಲೆ

ಮೊದಲನೇ ವಾರವೇ ಇಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್ ಎಲ್ಲಾ ಬದಲಾಯಿಸಿ, ಹಿಂದಿನವರು ಮಾಡಿದ್ದೀನಿ ಅಂದ್ರೂ ಮಾಡಿ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ, ವರ್ಷಗಟ್ಟಲೆ ನಿಂತ ಕಾರಲ್ಲಿ ಅದು ಒಳಗೇ ತುಕ್ಕು ಹಿಡಿಸಿರತ್ತೆ. ಕಾರನ್ನ ಪ್ಲಾಸ್ಟಿಕ್ ಶೀಟ್ ಹೊದಿಸಿ ಇಡ್ಬೇಡಿ, ತೇವ ಒಳಗೇ ಉಳಿಯತ್ತೆ, ಗಾಳಿ ಆಡೋ ಬಟ್ಟೆ ಕವರ್ ಒಳ್ಳೇದು. ವಾರಕ್ಕೊಮ್ಮೆ ಎರಡೇ ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದಕ್ಕಿಂತ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ, ಇಂಜಿನ್ ಪೂರ್ತಿ ಬಿಸಿಯಾದ್ರೇ ಒಳಗಿನ ನೀರಿನ ಅಂಶ ಆವಿಯಾಗಿ ಹೋಗೋದು.

ಮೊದಲ ಒಂದೆರಡು ತಿಂಗಳು ಪ್ರತಿ ರಾತ್ರಿ ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿಡಿ, ಬೆಳಗ್ಗೆ ಎಲ್ಲಿ ಹನಿ ಬಿದ್ದಿದೆ, ಯಾವ ಬಣ್ಣ ಅಂತ ನೋಡಿ. ಇಂಜಿನ್ ಕೆಳಗೆ ಕಪ್ಪು ಹನಿ ಒಂದೆರಡು ಇದ್ರೆ ಗಾಬರಿ ಬೇಡ, ಆಯಿಲ್ ಲೆವೆಲ್ ನೋಡ್ತಾ ಇರಿ. ಮುಂದೆ ರೇಡಿಯೇಟರ್ ಕೆಳಗೆ ಹಸಿರು ಅಥವಾ ನೀಲಿ ಕಂಡ್ರೆ ಅವತ್ತೇ ಹೋಸ್ ಕ್ಲಿಪ್‌ಗಳನ್ನ ಬಿಗಿ ಮಾಡಿ. ಚಕ್ರದ ಒಳಬದಿಯಲ್ಲಿ, ಟೈರಿಗೆ ತಾಗಿಕೊಂಡು ತಿಳಿ ಹಳದಿ ಜಿಡ್ಡು ಕಂಡ್ರೆ ಅದು ಬ್ರೇಕ್ ಫ್ಲೂಯಿಡ್, ಸರಿ ಮಾಡಿಸೋವರೆಗೂ ಕೀ ಮುಟ್ಬೇಡಿ.